ಅತ್ತೆ ಮಾತು ಆಮೇಲೆ, ಮೊದಲು ಸೊಪ್ಪು ಬಿಡಿ

ಅರಕಲಗೂಡು ಕಡೆಯ ತಂಗಿಯೊಬ್ಬರು ಮೂರು ಪುಟ ಬರೆದಿದ್ದಾರೆ. ಅದರಲ್ಲಿ ಎರಡೂವರೆ ಪುಟ ಅತ್ತೆಯ ಮೇಲೆ. ಮೊದಲ ಮಗು ಹುಟ್ಟಿದಾಗ 2.1 ಕೆಜಿ ಇತ್ತು. 2.5 ಕೆಜಿಗಿಂತ ಕಮ್ಮಿ ಇದ್ದರೆ ಕಡಿಮೆ ತೂಕದ ಮಗು ಎಂದೇ ಲೆಕ್ಕ. "ನಿಮ್ಮ ತವರಿನವರೇ ಸಣಕಲು" ಎಂದು ಅತ್ತೆ ಇವತ್ತಿಗೂ ಚುಚ್ಚುತ್ತಾರಂತೆ. ಆ ಮಗುವಿಗೆ ಈಗ ಒಂದೂಕಾಲು ವರ್ಷ, ಇವರಿಗೆ ಮತ್ತೆ ಐದು ತಿಂಗಳು. ಇದೂ ಹಾಗೇ ಆದರೆ ಅತ್ತೆಗೆ ಏನು ಹೇಳಲಿ ಅಂತ ಕೇಳಿದ್ದಾರೆ.

ಅತ್ತೆ ಇರಲಿ ತಂಗಿ. ಹಾಳೆ ಮುಗಿದಿದ್ದಕ್ಕೆ ಅಂಚಿನಲ್ಲಿ ಅಡ್ಡಡ್ಡ ಒಂದು ಸಾಲು ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. "ಹೊಲದ ಕೆಲಸ ಬಿಟ್ಟಿದ್ದೀನಿ, ಬ್ಯಾರನ್ ಹತ್ರ ಸುಮ್ನೆ ಕೂತು ಹೊಗೆಸೊಪ್ಪು ಕಟ್ಟೋದು ಅಷ್ಟೆ. ಕಟ್ಟಿದ ದಿನ ವಾಂತಿ ಸ್ವಲ್ಪ ಜಾಸ್ತಿ." ಬ್ಯಾರನ್ ಅಂದರೆ ಹೊಗೆಸೊಪ್ಪು ಒಣಗಿಸುವ ಮನೆ; ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಅದರೊಳಗೆ ತೂಗುಹಾಕುತ್ತಾರೆ.

ಸುಮ್ನೆ ಕೂತು! ಸೊಪ್ಪು ಕಟ್ಟಿದ ಮೇಲೆ ಕೈಗೆ ಕಪ್ಪು ಅಂಟು ಹತ್ತುತ್ತದೆ, ಎಷ್ಟು ಉಜ್ಜಿದರೂ ಬೇಗ ಹೋಗುವುದಿಲ್ಲ, ಅಲ್ವಾ? ಹಸಿ ಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ. ಮಳೆಗೋ ಇಬ್ಬನಿಗೋ ನೆಂದ ಸೊಪ್ಪಾದರೆ ಇನ್ನೂ ಜಾಸ್ತಿ. ತಲೆನೋವು, ತಲೆಸುತ್ತು, ವಾಂತಿ ಬರುವುದು ಇದರಿಂದಲೂ ಹೌದು. ನಿಮ್ಮದೆಲ್ಲ ಬಸುರಿ ವಾಂತಿ ಎಂದು ತಳ್ಳಿಹಾಕಬೇಡಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಮಗುವಿಗೆ ಹೋಗುವ ರಕ್ತ ಕಮ್ಮಿಯಾಗುತ್ತದೆ. ಬಸುರಿ ಬೀಡಿ ಸೇದಿದರೆ ಊರೇ ಬಯ್ಯುತ್ತದೆ. ಸೊಪ್ಪು ಕಟ್ಟಿದರೆ ಮಾತ್ರ ಗಟ್ಟಿಗಿತ್ತಿ ಸೊಸೆ.

ಅತ್ತೆಯ ಬಾಯಿ ಕೆಟ್ಟದ್ದು, ಒಪ್ಪಿದೆ. ಆದರೆ ಅವರೂ ಹೀಗೇ ಕಟ್ಟಿ ಕಟ್ಟಿ ಸವೆದವರು ಎಂದು ನೀವೇ ಬರೆದಿದ್ದೀರಿ. ನನಗೆ ಸಿಟ್ಟು ಬಂದಿದ್ದು ನಿಮ್ಮ ಭಾವನವರ ಮೇಲೆ. ಆಳಿಗೆ ಕೂಲಿ ಜಾಸ್ತಿಯಾಯಿತು, ಮನೆ ಹೆಂಗಸರೇ ಸಾಕು ಎಂದರಂತೆ. ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನಲ್ಲಿ ಬಂದ ದುಡ್ಡು ಎಣಿಸುವವರು ಅವರು, ಕೂಲಿಯಿಲ್ಲದ ಆಳು ನೀವು. ಮನೆಯವರಿಗೆ ಕೂಲಿ ಕೊಡದ ಕೆಲಸ ಕೆಲಸವಾಗಿಯೇ ಕಾಣುವುದಿಲ್ಲ. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದೆನೋ, ಇನ್ನೂ ಬರೆಯುತ್ತೇನೆ.

ಬಾಣಂತನ ಮುಗಿದು ಎರಡು ವರ್ಷವಾದರೂ ಕಳೆದು ಬಸುರಾಗಿದ್ದರೆ ಮೈ ಸುಧಾರಿಸುತ್ತಿತ್ತು. ಆದದ್ದು ಆಯಿತು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.6 ಅಂತಿದೆ ಎಂದಿದ್ದೀರಿ. ಬಸುರಿಗೆ 11 ಇರಬೇಕು. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಬೇಡಿ, ಟೀ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟವಾದ ಮೇಲೆ ನಿಂಬೆ ಪಾನಕದ ಜೊತೆ ತಗೊಳ್ಳಿ.

ನಾನು ಹೇಳುವುದು ಒಂದೇ. ಇವತ್ತಿನಿಂದ ಹಸಿ ಸೊಪ್ಪು ಮುಟ್ಟಬೇಡಿ. ಅರ್ಧ ದಿನವೂ ಬೇಡ, ನಾಲ್ಕು ಕಡ್ಡಿಯೂ ಬೇಡ. ನಾಳೆಯೇ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ, ವಾಂತಿಯ ಜೊತೆ ಸೊಪ್ಪಿನ ವಿಷಯವನ್ನೂ ಬಾಯಿಬಿಟ್ಟು ಹೇಳಿ. ಡಾಕ್ಟರು ಹೇಳಿದ್ದನ್ನು ಯಜಮಾನರು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳಲಿ.

ಭಾವನವರಿಗೆ ತಕರಾರಿದ್ದರೆ ನನಗೆ ಕಾಗದ ಬರೆಯಲಿ. ಉತ್ತರ ಇಲ್ಲೇ ಕೊಡುತ್ತೇನೆ.