ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಾ?

ವಿಜಯಪುರದಲ್ಲಿರುವ ನಿಮ್ಮ ತಾಯಿ ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ ಸೊಪ್ಪು ಬಿಡಬೇಕಾ ಅಂತ ಕೇಳಿದ್ದೀರಿ. ಬಿಡುವುದು ಬೇಡ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಕೆಲಸ ತಗ್ಗಿಸುತ್ತದೆ, ನಿಜ. ಆದರೆ ವೈದ್ಯರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ರಕ್ತಪರೀಕ್ಷೆ ನೋಡಿ ಡೋಸ್ ಹೊಂದಿಸುತ್ತಾರೆ, ಅದರಲ್ಲಿ ದಿನದ ಊಟದ ಲೆಕ್ಕವೂ ಸೇರಿರುತ್ತದೆ ಅಲ್ವಾ? ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಲಿ. ವಾರಗಟ್ಟಲೆ ಬಿಟ್ಟು, ಎಳ್ಳಮವಾಸ್ಯೆಗೆ ಹೊಲದಲ್ಲಿ ಒಮ್ಮೆಲೇ ಜಾಸ್ತಿ ತಿಂದರೆ ಮಾತ್ರೆಯ ಕೆಲಸ ಏರುಪೇರಾಗುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಭಯ, ಮೊಣಕಾಲು ನೋವಿಗೆ ಸುಮ್ನೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗ್ಗೆ. ವಾರ್ಫರಿನ್ ಜೊತೆ ಇವು ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ವೈದ್ಯರನ್ನು ಕೇಳದೆ ಕೊಡಲೇಬೇಡಿ. ವಾರ್ಫರಿನ್ ಮಾತ್ರೆ ಮರೆತರೆ ಮರುದಿನ ಎರಡು ಪಟ್ಟು ಬೇಡ. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಗಾಯ ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.