ಇಸವಿ ಬಾಯಿಪಾಠ ಬೇಡ, ಹಗ್ಗ ಕಟ್ಟಿ

ಪ್ರಶ್ನೆ: ಡೊಂಬಿವಲಿಯಲ್ಲಿ ಭಾನುವಾರ ಸಂಜೆ ದೊಡ್ಡವರಿಗೆ ಕನ್ನಡ ಓದು-ಬರಹ ಕಲಿಸುತ್ತೇನೆ. ಕ್ಯಾಂಟೀನಿನಲ್ಲಿ ಕೆಲಸ ಮಾಡುವವರು, ಗೃಹಿಣಿಯರು, ಎಲ್ಲ ಸೇರಿ ಹದಿನಾಲ್ಕು ಜನ. ಇತಿಹಾಸದ ಕತೆ ಹೇಳಿದರೆ ಆಸೆಯಿಂದ ಕೇಳುತ್ತಾರೆ, ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಕೂರುವುದಿಲ್ಲ. ಹೋದ ವಾರ ಒಬ್ಬರು, 'ಶಿವಾಜಿ ಮಹಾರಾಜರೂ ಕೃಷ್ಣದೇವರಾಯನೂ ಭೇಟಿ ಆಗಿದ್ದರಾ?' ಅಂತ ಕೇಳಿದರು. ಇಸವಿಗಳನ್ನು ಬಾಯಿಪಾಠ ಮಾಡಿಸಲಾ?
- ಓದುಗಿ, ಡೊಂಬಿವಲಿ

ಉತ್ತರ: ದಯವಿಟ್ಟು ಬೇಡ. ಅವರು ಕೇಳಿದ್ದು ತುಂಬಾ ಒಳ್ಳೆಯ ಪ್ರಶ್ನೆ, ಅಲ್ಲಿಂದಲೇ ಶುರು ಮಾಡಿ. ನಿಮ್ಮವರಿಗೆ ಮುಂಬಯಿ ಲೋಕಲ್ ರೈಲಿನಲ್ಲಿ ಕುರ್ಲಾ ಆದ ಮೇಲೆ ವಿದ್ಯಾವಿಹಾರ್, ಆಮೇಲೆ ಘಾಟ್ಕೋಪರ್ ಅಂತ ಯಾರೂ ಬಾಯಿಪಾಠ ಮಾಡಿಸಿಲ್ಲ, ಅಲ್ವಾ? ದಿನಾ ಓಡಾಡಿ ಬಂದದ್ದು. ಕಾಲದಲ್ಲೂ ಹಾಗೇ ಓಡಾಡಿಸಬೇಕು.

ಬಟ್ಟೆ ಒಣಗಿಸುವ ಹಗ್ಗ, ಒಂದಿಷ್ಟು ಕ್ಲಿಪ್ಪು ತನ್ನಿ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್, ನೂರು ವರ್ಷಕ್ಕೆ ಒಂದು ಮೀಟರ್. ಹಗ್ಗದ ತುದಿ ಅಂದರೆ ಇವತ್ತು. ಮೊದಲ ಕ್ಲಿಪ್ಪು ರಾಜರದ್ದಲ್ಲ, ಅವರದ್ದೇ: ಹುಟ್ಟಿದ ವರ್ಷ, ಮುಂಬಯಿಗೆ ಬಂದ ವರ್ಷ. ಆಮೇಲೆ ಅಜ್ಜಿಯದ್ದು. ನನ್ನ ತರಗತಿಯಲ್ಲಿ ಕುಂದಾಪುರದ ಒಬ್ಬರು ಅಜ್ಜಿಯ ಕ್ಲಿಪ್ಪು ಸಿಕ್ಕಿಸುವಾಗ, 'ಆಗ ನಮ್ಮೂರು ಮದ್ರಾಸಿಗೆ ಸೇರಿತ್ತಂತೆ' ಅಂದರು. ತಕ್ಷಣ 1956ರ ನವೆಂಬರ್ 1ಕ್ಕೆ ಒಂದು ಕ್ಲಿಪ್ಪು ಹಾಕಿದೆವು, ಪಕ್ಕದಲ್ಲೇ ಮಹಾರಾಷ್ಟ್ರ ಹುಟ್ಟಿದ 1960. ಎರಡರ ನಡುವೆ ನಾಲ್ಕೇ ಸೆಂಟಿಮೀಟರ್! ಬೋರಿ ಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ 1853 ಅಲ್ಲಿಂದ ಒಂದು ಮೀಟರ್ ಆಚೆ. ಕುಂದಾಪುರದವರು ಕೈ ಚಾಚಿ ಅಳೆದು ನೋಡಿದರು.

ಈಗ ನಿಮ್ಮ ಪ್ರಶ್ನೆ. ಕೃಷ್ಣದೇವರಾಯ ತೀರಿಕೊಂಡದ್ದು 1529ರಲ್ಲಿ, ಶಿವಾಜಿ ಹುಟ್ಟಿದ್ದು 1630ರಲ್ಲಿ. ಇಬ್ಬರ ನಡುವೆ ಒಂದು ಮೀಟರಿಗೂ ಸ್ವಲ್ಪ ಜಾಸ್ತಿ ಖಾಲಿ ಹಗ್ಗ. 'ಶಿವಾಜಿಯ ಮುತ್ತಜ್ಜನ ಕಾಲದವನು' ಅನ್ನಿ, ಅಂದಾಜಿಗೆ ಅಷ್ಟು ಸಾಕು. ಆದರೆ ಗೋವಾ ಪೋರ್ಚುಗೀಸರ ಕೈಗೆ ಹೋದ 1510ರ ಕ್ಲಿಪ್ಪು ರಾಯ ಪಟ್ಟಕ್ಕೆ ಬಂದ 1509ಕ್ಕೆ ಅಂಟಿಕೊಂಡೇ ಕೂರುತ್ತದೆ. ಪೋರ್ಚುಗೀಸರೆಂದರೆ ಈಚಿನವರು, ರಾಯನೆಂದರೆ ಪುರಾಣದ ಕಾಲದವನು ಅಂದುಕೊಂಡವರು ಇಲ್ಲಿ ಸುಮ್ಮನೆ ನಿಂತು ನೋಡುತ್ತಾರೆ. ಆ ಹೊತ್ತಿಗೆ ನೀವು ಪಾಠ ಮಾಡಬೇಡಿ, ಅವರೇ ಮಾತಾಡಲಿ. ಹನ್ನೆರಡನೇ ಶತಮಾನದ ಬಸವಣ್ಣ ಎಂಟು ಮೀಟರ್ ದಾಟಿ ಇರುತ್ತಾನೆ. ನಮ್ಮ ಹಗ್ಗ ಬಾಗಿಲು ದಾಟಿ ಪ್ಯಾಸೇಜಿಗೆ ಹೋಗಿತ್ತು.

ಶತಮಾನದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. 1674 ಯಾಕೆ ಹದಿನೇಳನೇ ಶತಮಾನ, ಹದಿನಾರಲ್ವಾ ಅಂತ ಕೇಳುತ್ತಾರೆ. ಮಗುವಿಗೆ ಒಂದು ತುಂಬಿ ಎರಡರಲ್ಲಿ ಬಿತ್ತು ಅನ್ನುತ್ತೇವಲ್ಲ, ಅದೇ ಲೆಕ್ಕ. ಹದಿನಾರು ನೂರು ತುಂಬಿ ಹದಿನೇಳರಲ್ಲಿ ಬಿದ್ದಿದೆ. ಇಷ್ಟು ಹೇಳಿದರೆ ಮಕ್ಕಳನ್ನು ಸಾಕಿದ ಹೆಂಗಸರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಪಾಠ ಮುಗಿದ ಮೇಲೆ ಹಗ್ಗ ಬಿಚ್ಚಬೇಡಿ. ಪ್ರತಿ ವಾರ ಹೊಸ ಕತೆ ಹೇಳಿದಾಗ ಕ್ಲಿಪ್ಪು ಅವರ ಕೈಗೇ ಕೊಡಿ. ತಪ್ಪು ಜಾಗದಲ್ಲಿ ಸಿಕ್ಕಿಸಿದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತವರೇ 'ಇನ್ನೂ ಆಚೆ, ಇನ್ನೂ ಆಚೆ' ಅಂತ ಕೂಗುತ್ತಾರೆ.