ಟಿಷ್ಯೂ ಕಲ್ಚರ್ ಬಾಳೆ: ಎಲ್ಲ ಸಸಿಗಳೂ ತಾಯಿಗಿಡದಂತೆಯೇ ಇರುತ್ತವೆಯೇ?

ಪ್ರಶ್ನೆ: ಎರಡು ಎಕರೆಗೆ ಜಿ-9 ಟಿಷ್ಯೂ ಕಲ್ಚರ್ ಬಾಳೆ ನಾಟಿ ಮಾಡಿದ್ದೇನೆ. ನೀರು, ಗೊಬ್ಬರ ಎಲ್ಲಕ್ಕೂ ಒಂದೇ ರೀತಿ ಕೊಟ್ಟಿದ್ದರೂ ಐದನೇ ತಿಂಗಳಿಗೆ ಅಲ್ಲೊಂದು ಇಲ್ಲೊಂದು ಗಿಡ ಗಿಡ್ಡವಾಗಿಯೇ ಉಳಿದು, ಅಗಲವಾದ ಎಲೆಗಳು ಒತ್ತೊತ್ತಾಗಿ ಬಂದಿವೆ. ಎಲ್ಲವೂ ಒಂದೇ ತಾಯಿಗಿಡದ ಸಸಿಗಳೆಂದು ಹೇಳಿ ಮಾರಿದ್ದರು. ಹಾಗಿದ್ದ ಮೇಲೆ ಈ ವ್ಯತ್ಯಾಸ ಏಕೆ? ಈ ಗಿಡಗಳಿಂದ ಕುಳೆ ಬೆಳೆ (ಬುಡದ ಕಂದುಗಳಿಂದ ಬರುವ ಮುಂದಿನ ಬೆಳೆ) ತೆಗೆಯಬಹುದೇ?
– ಓದುಗರೊಬ್ಬರು, ಚಾಮರಾಜನಗರ ಜಿಲ್ಲೆ

ಉತ್ತರ: ಮೊದಲು ಎಲೆತೊಟ್ಟನ್ನು ಬೆಳಕಿಗೆ ಹಿಡಿದು ನೋಡಿ. ತೊಟ್ಟಿನ ಮೇಲೂ ಎಲೆಯ ನಡುನರದ ಪಕ್ಕದಲ್ಲೂ ಕಡು ಹಸಿರಿನ ಚುಕ್ಕಿ ಮತ್ತು ಸಣ್ಣ ಗೆರೆಗಳಿದ್ದು, ಹೊಸ ಎಲೆಗಳು ಕಿರಿದಾಗಿ ನೆಟ್ಟಗೆ ಗೊಂಚಲುಗಟ್ಟಿದ್ದರೆ ಅದು ಬಂಚಿ ಟಾಪ್ ನಂಜುರೋಗ. ಇದನ್ನು ಗಿಡಹೇನು ಹರಡುವುದರಿಂದ ಅಂಥ ಗಿಡವನ್ನು ಗೆಡ್ಡೆ ಸಮೇತ ಕಿತ್ತು ನಾಶಮಾಡಬೇಕು. ಗೆರೆಗಳಿಲ್ಲದೆ, ಎಲೆಗಳು ನೀವು ಬರೆದಂತೆ ಅಗಲವಾಗಿದ್ದು ತೊಟ್ಟು ಮಾತ್ರ ಮೋಟಾಗಿದ್ದರೆ ಅದು ರೋಗವಲ್ಲ, ಗಿಡ್ಡ ತಳಿಭೇದ. ಜಿ-9 ಸೇರಿರುವ ಕ್ಯಾವೆಂಡಿಶ್ ಗುಂಪಿನ ಬಾಳೆಯನ್ನು ಪ್ರಯೋಗಾಲಯದಲ್ಲಿ ಹೆಚ್ಚಿಸುವಾಗ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಬದಲಾವಣೆ ಇದೇ. ಇಂಥ ಗಿಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ಅದು ಸರಿಹೋಗುವುದಿಲ್ಲ. ಗೊನೆಯು ಎಲೆಗಳ ಬುಡದಲ್ಲೇ ಸಿಕ್ಕಿಕೊಂಡು ಚಿಪ್ಪುಗಳು ಇಕ್ಕಟ್ಟಾಗಿ ಬರುವ ಸಾಧ್ಯತೆಯಿದೆ. ಈ ಗುಣ ಸಾಮಾನ್ಯವಾಗಿ ಕಂದುಗಳಿಗೂ ದಾಟುವುದರಿಂದ ಅವುಗಳಿಂದ ಕುಳೆ ಬೆಳೆ ತೆಗೆಯಬೇಡಿ.

ಕಾರಣಕ್ಕೆ ಬರೋಣ. ಬಾಳೆಯ ಗೆಡ್ಡೆಯಿಂದ ತೆಗೆದ ಕುಡಿಯ ತುದಿಯನ್ನು, ಹೊಸ ಕುಡಿ ಒಡೆಯುವಂತೆ ಮಾಡುವ ಸೈಟೊಕೈನಿನ್ ಹಾರ್ಮೋನು ಸೇರಿಸಿದ ಮಾಧ್ಯಮದಲ್ಲಿಟ್ಟು, ಕೆಲವು ವಾರಗಳಿಗೊಮ್ಮೆ ಅದು ಒಡೆದ ಕುಡಿಗಳನ್ನು ಬಿಡಿಸಿ ಹೊಸ ಮಾಧ್ಯಮಕ್ಕೆ ವರ್ಗಾಯಿಸುತ್ತಾರೆ. ಪ್ರತಿ ಸುತ್ತಿಗೂ ಕುಡಿಗಳು ಮೂರು ಪಟ್ಟಾಗುತ್ತವೆ ಎಂದುಕೊಂಡರೆ, 8 ಸುತ್ತು ಮುಗಿಯುವಷ್ಟರಲ್ಲಿ ಒಂದು ತುದಿಯಿಂದ 6,561 ಕುಡಿಗಳಾಗುತ್ತವೆ. 12 ಸುತ್ತಿಗೆ ಲೆಕ್ಕ ಐದು ಲಕ್ಷ ದಾಟುತ್ತದೆ. ಹೊಸ ತಾಯಿಗಿಡ ಆರಿಸಿ ನಂಜು ಪರೀಕ್ಷೆ ಮಾಡಿಸುವ ಖರ್ಚನ್ನು ಉಳಿಸಲು ಹಳೆಯ ಸೀಸೆಯನ್ನೇ ಮುಂದುವರಿಸುವ ಆಸೆ ಹುಟ್ಟುವುದು ಇಲ್ಲಿಯೇ. ಆದರೆ ಹಾರ್ಮೋನಿನ ಒತ್ತಡದಲ್ಲಿ ಮತ್ತೆ ಮತ್ತೆ ವಿಭಜನೆಯಾಗುವ ಕೋಶಗಳಲ್ಲಿ ಬದಲಾವಣೆಗಳು ಉಳಿದುಕೊಳ್ಳುವ ಅವಕಾಶ ಸುತ್ತಿನಿಂದ ಸುತ್ತಿಗೆ ಹೆಚ್ಚುತ್ತದೆ, ಅದರಲ್ಲೂ ಮೂಲ ತುದಿಯನ್ನು ಬಿಟ್ಟು ಬೇರೆಡೆಯಿಂದ ಹೊಸದಾಗಿ ಮೊಗ್ಗು ಒಡೆದಾಗ. ನಾಲ್ಕನೇ ಸುತ್ತಿನಲ್ಲಿ ಒಂದೇ ಒಂದು ಕುಡಿ ಗಿಡ್ಡವಾಗಿ ಮಾರ್ಪಟ್ಟರೂ ಮುಂದಿನ ಪ್ರತಿ ಸುತ್ತಿನಲ್ಲೂ ಅದು ಉಳಿದವುಗಳ ಜೊತೆಗೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಇಂಥ ಬದಲಾವಣೆಗಳನ್ನು ಸೋಮಾಕ್ಲೋನಲ್ ವ್ಯತ್ಯಾಸ ಎಂದು ಕರೆದರು.

ಬದಲಾವಣೆ ಎಂದರೆ ಡಿಎನ್‌ಎಯ ಅಕ್ಷರಗಳೇ ಬದಲಾಗಬೇಕೆಂದಿಲ್ಲ. ಟಿಷ್ಯೂ ಕಲ್ಚರ್‌ನಿಂದ ಬೆಳೆಸಿದ ತಾಳೆಎಣ್ಣೆ ಮರಗಳಲ್ಲಿ ಕೆಲವು, ನೆಟ್ಟ ವರ್ಷಗಳ ಬಳಿಕ ಹೂಬಿಟ್ಟಾಗ ಮಾತ್ರ ವಿಕಾರವಾದ ಹಣ್ಣು ಕೊಡುತ್ತಿದ್ದವು. ಇದು ಬಹುಕಾಲ ಬಗೆಹರಿಯದ ಸಮಸ್ಯೆಯಾಗಿತ್ತು. ಮಲೇಷ್ಯಾದ ಸಂಶೋಧಕರ ನೇತೃತ್ವದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವು, ಹೂವಿನ ರಚನೆಗೆ ಸಂಬಂಧಿಸಿದ ವಂಶವಾಹಿಯೊಳಗೆ ಕುಳಿತಿರುವ 'ಕರ್ಮ' ಎಂಬ ಜಿಗಿಯುವ (ಜಾಗ ಬದಲಿಸಬಲ್ಲ) ಡಿಎನ್‌ಎ ತುಣುಕಿನ ಮೇಲಿನ ಮೀಥೈಲ್ ಗುರುತು (ಅಕ್ಷರ ಬದಲಿಸದೆ ತುಣುಕನ್ನು ಸುಮ್ಮನಿರಿಸುವ ರಾಸಾಯನಿಕ ಗುರುತು) ಅಳಿಸಿಹೋದದ್ದೇ ಇದಕ್ಕೆ ಕಾರಣವೆಂದು ತೋರಿಸಿತು. ಸಾಮಾನ್ಯ ಡಿಎನ್‌ಎ ಮಾರ್ಕರ್ ಪರೀಕ್ಷೆಯು ಆಯ್ದ ಕೆಲವು ಜಾಗಗಳನ್ನಷ್ಟೇ ನೋಡುತ್ತದೆ, ಇಂಥ ಗುರುತುಗಳನ್ನು ಓದುವುದಿಲ್ಲ. ಆದ್ದರಿಂದ "ಪರೀಕ್ಷೆಯಾಗಿದೆ" ಎಂಬ ಮಾತನ್ನು ಪೂರ್ಣ ಖಾತರಿಯೆಂದು ತಿಳಿಯಬಾರದು. ಹಾಗೆಂದು ಅದನ್ನು ತಳ್ಳಿಹಾಕಲೂಬಾರದು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಆರಂಭಿಸಿದ ಟಿಷ್ಯೂ ಕಲ್ಚರ್ ಸಸಿಗಳ ಪ್ರಮಾಣೀಕರಣ ವ್ಯವಸ್ಥೆಯಲ್ಲಿ ನಂಜು ಪರೀಕ್ಷೆ ಮತ್ತು ತಳಿ ಏಕರೂಪತೆಯ ಪರೀಕ್ಷೆ ಎರಡೂ ಇವೆ. ಮುಂದಿನ ಸಲ ಸಸಿ ಕೊಳ್ಳುವಾಗ ಆ ಪ್ರಮಾಣಪತ್ರವನ್ನು ಕೇಳಿ, ಜೊತೆಗೆ ಎಷ್ಟನೇ ಸುತ್ತಿನ ಸಸಿಯೆಂದೂ ಕೇಳಿ. ಬಾಳೆಗೆ ಎಂಟರ ಆಸುಪಾಸಿನಲ್ಲಿ ನಿಲ್ಲಿಸುವುದು ಒಳ್ಳೆಯ ಪದ್ಧತಿ. ನರ್ಸರಿಯಲ್ಲೇ ಮೋಟು ತೊಟ್ಟಿನ, ಅಗಲ ಎಲೆಯ ಸಸಿಗಳನ್ನು ಆರಿಸಿ ತೆಗೆದಿದ್ದರೆ ನಿಮ್ಮ ಹೊಲಕ್ಕೆ ಬಂದ ಗಿಡ್ಡ ಗಿಡಗಳಲ್ಲಿ ಬಹುಪಾಲು ಬರುತ್ತಲೇ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಮಾರುವವರ ಹೊಣೆ, ರೈತರದ್ದಲ್ಲ.

ಪ್ರಶ್ನೆ: ಹಾಗಾದರೆ ತಳಿಗಳನ್ನು ಕಾಪಿಡುವ ಜೀನ್ ಬ್ಯಾಂಕುಗಳಲ್ಲಿ ವರ್ಷಗಟ್ಟಲೆ ಸೀಸೆಯಲ್ಲೇ ಉಳಿಸುವ ಬಾಳೆ ತಳಿಗಳು ಕೆಡುವುದಿಲ್ಲವೇ?
– ಕೃಷಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲಿ ಸಸಿಯನ್ನು ಹೆಚ್ಚಿಸುವ ಗುರಿಯಿರುವುದಿಲ್ಲ, ಬೆಳವಣಿಗೆಯನ್ನು ತಡೆಯುವ ಗುರಿಯಿರುತ್ತದೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿರುವ ಅಂತರರಾಷ್ಟ್ರೀಯ ಬಾಳೆ ಸಂಗ್ರಹದಲ್ಲಿ ಕುಡಿಗಳನ್ನು ಸುಮಾರು 16 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮಂದ ಬೆಳಕಿನಲ್ಲಿ ಇಡುವುದರಿಂದ ಮತ್ತೆ ಮತ್ತೆ ಕತ್ತರಿಸುವ ಅಗತ್ಯ ಬಹಳ ಕಡಿಮೆಯಾಗುತ್ತದೆ. ಅದೂ ಸಾಲದೆಂದು ಕುಡಿಯ ತುದಿಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಯೂ ಕಾಪಿಡುತ್ತಾರೆ. ಅಲ್ಲಿ ಕೋಶ ವಿಭಜನೆ ಪೂರ್ತಿ ನಿಂತಿರುತ್ತದೆ. ಇಷ್ಟೆಲ್ಲ ಇದ್ದರೂ ತಳಿಯ ಗುಣವನ್ನು ಖಚಿತಪಡಿಸಿಕೊಳ್ಳಲು ಗಿಡವನ್ನು ಮಣ್ಣಿನಲ್ಲಿ ಬೆಳೆಸಿ, ಗೊನೆ ಬರುವವರೆಗೆ ನೋಡಲೇಬೇಕು.

ವ್ಯತ್ಯಾಸವೆಲ್ಲ ನಷ್ಟವೆಂದೂ ತಿಳಿಯಬೇಡಿ. ಮಣ್ಣಿನ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗದಿಂದ ತೋಟಗಳು ಹಾಳಾಗುತ್ತಿದ್ದಾಗ ತೈವಾನ್ ಬಾಳೆ ಸಂಶೋಧನಾ ಸಂಸ್ಥೆಯವರು ಟಿಷ್ಯೂ ಕಲ್ಚರ್ ಸಸಿಗಳನ್ನು ರೋಗವಿರುವ ಮಣ್ಣಿನಲ್ಲಿ ನೆಟ್ಟು, ತಡೆದು ನಿಂತ ಗಿಡಗಳನ್ನು ಆಯ್ದರು. ಫಾರ್ಮೋಸಾನ ತಳಿ ಹಾಗೆ ದೊರೆತದ್ದು.